ಹಿತ್ತಲಿಗೆ ಟೈಲ್ಸ್ ಹಾಕಿಸಿದೆವು: ಆರಿಸುವಾಗ ಏನೇನಾಯಿತು

ಅಂತೂ ಕೆಲಸ ಮುಗಿಯಿತು. ಟೈಲ್ಸ್ ಸಂದಿಗೆ ತುಂಬಿದ ಗ್ರೌಟ್ ಒಣಗಿದೆ, ಮೇಜು ಕುರ್ಚಿ ಹೊರಗೆ ಬಂದಿವೆ. ಎಲ್ಲ ನೆನಪಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಯಾಕಂದ್ರೆ ಶುರು ಮಾಡುವಾಗ ನಮಗೆ ಸಿಕ್ಕಿದ್ದೆಲ್ಲ ಒಂದೋ ಮಾರುವವರ ಮಾತು, ಇಲ್ಲವೇ ಚೆಂದದ ಫೋಟೋ. ಯಾವ ಕಾಗದ ಕೇಳಬೇಕು, ಎಲ್ಲೆಲ್ಲಿ ಕಾಯಬೇಕಾಗುತ್ತದೆ, ದುಡ್ಡು ಎಲ್ಲಿ ಸೋರುತ್ತದೆ, ಇದನ್ನು ಯಾರೂ ಹೇಳಿರಲಿಲ್ಲ.

ಜಾಗ ಅಂಥ ದೊಡ್ಡದೇನಲ್ಲ. ಮನೆಯ ಹಿಂಬಾಗಿಲು ದಾಟಿದರೆ ಸಿಗುವ ಹಳೆಯ ಕಾಂಕ್ರೀಟ್ ನೆಲ, ಬಾಗಿಲಿನಿಂದ ಆಚೆ ಅಂಚಿಗೆ ನಾಲ್ಕು ಮೀಟರ್. ಬಾಗಿಲ ಕಡೆಯ ಅರ್ಧಕ್ಕೆ ಮೇಲೆ ಶೀಟ್ ಇದೆ, ಇನ್ನರ್ಧ ಬಯಲು. ನಾಲ್ಕು ಜನ ಬಂದರೆ ಅಲ್ಲಿ ಕೂರಿಸಬೇಕು, ಒಂದು ಮೂಲೆಯಲ್ಲಿ ಒಲೆ ಇಟ್ಟು ಅಡುಗೆ ಮಾಡಬೇಕು, ಮಕ್ಕಳು ಒದ್ದೆ ಕಾಲಲ್ಲಿ ಓಡಾಡಬೇಕು, ಮಂಡಿ ನೋವಿರುವ ಅಮ್ಮ ಬಟ್ಟೆ ಒಣಗಿಸಲು ಹೋಗಬೇಕು. ಮಳೆ, ಬಿಸಿಲು, ಎಣ್ಣೆ, ಕುರ್ಚಿ ಎಳೆದಾಟ ಎಲ್ಲ ಒಂದೇ ನೆಲದ ಮೇಲೆ. ಮನೆಯೊಳಗಿನ ಯಾವ ಕೋಣೆಗೂ ಇಷ್ಟು ಪಾಡಿಲ್ಲ. ಆದರೆ ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಮಾತ್ರ "ಯಾವ ಕಲರ್ ಬೇಕು ಮೇಡಂ?"

ಅಂಗಡಿಗಳಿಂದಲೇ ಶುರು ಮಾಡುತ್ತೇನೆ. ಒಳಗೆ ಕಾಲಿಟ್ಟ ತಕ್ಷಣ ಕಣ್ಣು ಕೋರೈಸುವ ಲೈಟು, ಗೋಡೆಗೆ ಒರಗಿಸಿಟ್ಟ ಆಳೆತ್ತರದ ಟೈಲ್ಸ್. ಯಾವುದನ್ನು ತೋರಿಸಿ ಕೇಳಿದರೂ "ಹೊರಗೂ ಹಾಕಬಹುದು, ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಕನ್ನಡಿಯ ಹಾಗೆ ಹೊಳೆಯುವ ಪಾಲಿಶ್ಡ್ ಟೈಲಿಗೂ ಅದೇ ಉತ್ತರ ಬಂದ ಮೇಲೆ ಬಾಯಿಮಾತು ಸಾಕು ಅನ್ನಿಸಿತು. ಅಲ್ಲಿಂದ ಮುಂದೆ ನಾವು ಕೇಳಿದ್ದು ಒಂದೇ: ಈ ಟೈಲಿನ ಡೇಟಾಶೀಟ್ ಕೊಡಿ. ಒಂದು ಅಂಗಡಿಯಲ್ಲಿ ಹಾಗಂದರೇನು ಅಂತ ನಮ್ಮನ್ನೇ ಕೇಳಿದರು. ಇನ್ನೊಂದರಲ್ಲಿ ಕ್ಯಾಟಲಾಗ್ ಕೈಗಿಟ್ಟರು. ಕ್ಯಾಟಲಾಗ್ ಬೇರೆ, ಡೇಟಾಶೀಟ್ ಬೇರೆ. ಕ್ಯಾಟಲಾಗಿನಲ್ಲಿ ಚಿತ್ರ ಇರುತ್ತದೆ, ಡೇಟಾಶೀಟಿನಲ್ಲಿ ಅಂಕಿ ಇರುತ್ತದೆ. ತಯಾರಕರ ವೆಬ್‌ಸೈಟಿನಲ್ಲಿ ಮಾಡೆಲ್ ಹೆಸರು ಹಾಕಿ ಹುಡುಕಿದರೆ ಎಷ್ಟೋ ಸಲ ಸಿಕ್ಕಿಬಿಡುತ್ತದೆ. ಸಿಗದೇ ಹೋದ ಟೈಲನ್ನು ನಾವು ಎಷ್ಟೇ ಚೆಂದ ಇದ್ದರೂ ಪಟ್ಟಿಯಿಂದ ಹೊಡೆದುಹಾಕಿದೆವು. ಅರ್ಧ ತಲೆನೋವು ಅಲ್ಲೇ ಕಡಿಮೆಯಾಯಿತು.

ಆ ಹಾಳೆಯಲ್ಲಿ ಮೊದಲು ನೋಡಬೇಕಾದ್ದು ನೀರು ಹೀರುವ ಪ್ರಮಾಣ. ಪೋರ್ಸಲಿನ್ ಅಥವಾ ವಿಟ್ರಿಫೈಡ್ ಅಂತ ಕರೆಸಿಕೊಳ್ಳಬೇಕಾದರೆ ಅದು 0.5 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗೋಡೆಗೆ ಹಾಕುವ ಸಾದಾ ಸೆರಾಮಿಕ್ ಟೈಲಿನಲ್ಲಿ ಇದು 10 ಶೇಕಡಾಕ್ಕಿಂತಲೂ ಜಾಸ್ತಿ ಇರುತ್ತದೆ. ಅಂಥದ್ದನ್ನು ಹೊರಗೆ ಹಾಕಿದರೆ ಮಳೆಗಾಲವಿಡೀ ನೀರು ಕುಡಿಯುತ್ತಾ ಕೂರುತ್ತದೆ. ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಊರಾದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಟೈಲನ್ನೇ ಸೀಳುತ್ತದೆ. ಕೈಯಲ್ಲೇ ನೋಡಬೇಕೆಂದರೆ ಟೈಲನ್ನು ಬೋರಲು ಹಾಕಿ ಹಿಂಭಾಗಕ್ಕೆ ಒಂದು ಹನಿ ನೀರು ಬಿಡಿ. ಸೆರಾಮಿಕ್ ಆದರೆ ಹನಿ ನೋಡನೋಡುತ್ತಲೇ ಇಂಗಿ ಕಪ್ಪು ಕಲೆಯಾಗುತ್ತದೆ. ಪೋರ್ಸಲಿನ್ ಮೇಲೆ ಹಾಗೇ ಕೂತಿರುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಎರಡನೆಯದು ಜಾರುವ ಲೆಕ್ಕ. ನಮ್ಮನ್ನು ಜಾಸ್ತಿ ಗೊಂದಲಕ್ಕೆ ಹಾಕಿದ್ದು ಇದೇ. ಟೈಲ್ಸ್ ಮೇಲೆ ಆರ್9, ಆರ್10, ಆರ್11 ಅಂತ ಬರೆದಿರುತ್ತಾರೆ. "ಇದು ಆರ್9 ಮೇಡಂ, ಒಳ್ಳೇ ಗ್ರಿಪ್" ಅಂತ ಒಬ್ಬರು ಹೇಳಿದರು. ಕೇಳಿದರೆ ಹತ್ತಕ್ಕೆ ಒಂಬತ್ತು ಅಂಕ ಬಂದ ಹಾಗೆ ಅನ್ನಿಸುತ್ತದೆ, ಅಲ್ವಾ? ಆದರೆ ಈ ಪಟ್ಟಿ ಶುರುವಾಗುವುದೇ 9ರಿಂದ, ಮುಗಿಯುವುದು 13ಕ್ಕೆ. ಆರ್9 ಅಂದರೆ ತೀರಾ ಕೆಳಗಿನ ದರ್ಜೆ. ಪರೀಕ್ಷೆ ಹೇಗೆ ಮಾಡುತ್ತಾರೆ ಗೊತ್ತಾ? ಟೈಲ್ಸ್ ಅಂಟಿಸಿದ ಹಲಗೆಗೆ ಎಣ್ಣೆ ಸವರಿ, ಬೂಟು ಹಾಕಿದ ಮನುಷ್ಯನನ್ನು ಅದರ ಮೇಲೆ ನಡೆಸಿ, ಹಲಗೆಯನ್ನು ನಿಧಾನಕ್ಕೆ ಓರೆ ಮಾಡುತ್ತಾ ಹೋಗುತ್ತಾರೆ. 6ರಿಂದ 10 ಡಿಗ್ರಿಯೊಳಗೆ ಜಾರಿದರೆ ಆರ್9. 19ರವರೆಗೆ ನಿಂತರೆ ಆರ್10, 27ರವರೆಗೆ ಆರ್11, 35ರವರೆಗೆ ಆರ್12. ಅದನ್ನೂ ದಾಟಿದರೆ ಆರ್13. ಈ ಲೆಕ್ಕ ಬಂದದ್ದು ಡಿಐಎನ್ 51130 ಅನ್ನುವ ಜರ್ಮನ್ ಮಾನದಂಡದಿಂದ. ಪೋರ್ಸಲಿನ್ ಟೈಲ್ಸಿನ ಹಾಳೆಗಳಲ್ಲಿ ನಮಗೆ ಹೆಚ್ಚಾಗಿ ಕಂಡದ್ದು ಇದೇ.

ಗಮನಿಸಿ, ಇದು ಬೂಟುಗಾಲಿನ ಲೆಕ್ಕ. ಬರಿಗಾಲಿಗೆ ಬೇರೆ ಪರೀಕ್ಷೆ ಇದೆ, ಹಾಳೆಯಲ್ಲಿ ಡಿಐಎನ್ 51097 ಅಂತ ಇರುತ್ತದೆ. ಅದರಲ್ಲಿ ಸೋಪಿನ ನೀರು ಹರಿಸಿ ಬರಿಗಾಲಲ್ಲಿ ನಡೆಸುತ್ತಾರೆ, ಫಲಿತಾಂಶ ಎ, ಬಿ, ಸಿ ಅಂತ ಬರುತ್ತದೆ. ಎ ಅಂದರೆ 12 ಡಿಗ್ರಿ, ಬಿ ಅಂದರೆ 18, ಸಿ ಅಂದರೆ 24. ಮಕ್ಕಳು, ವಯಸ್ಸಾದವರು ಬರಿಗಾಲಲ್ಲಿ ಓಡಾಡುವ ಜಾಗ ಆದರೆ ಈ ಅಕ್ಷರವನ್ನೂ ಕೇಳಲೇಬೇಕು. ಕೆಲವು ಹಾಳೆಗಳಲ್ಲಿ ಇವೆರಡೂ ಇಲ್ಲದೆ ಪೆಂಡುಲಮ್ ಪರೀಕ್ಷೆಯ (ತೂಗಾಡುವ ತೋಳಿನ ತುದಿಯ ರಬ್ಬರನ್ನು ಟೈಲಿಗೆ ಸವರಿ ನೋಡುವುದು) ಅಂಕಿ ಇರುತ್ತದೆ. ಅಲ್ಲಿ ಒದ್ದೆಯಾಗಿದ್ದಾಗ 36 ಅಥವಾ ಅದಕ್ಕೂ ಮೇಲೆ ಬಂದರೆ ಜಾರುವ ಅಪಾಯ ಕಡಿಮೆ ಅಂತ ಅರ್ಥ. ನಾವು ಆರ್11, ಜೊತೆಗೆ ಬಿ ಅಥವಾ ಸಿ ಅಂತ ಗೆರೆ ಎಳೆದುಕೊಂಡೆವು. ಶೀಟಿನ ಕೆಳಗೆ ಆರ್10 ಸಾಕು ಅಂತ ಒಂದು ಸಲಹೆ ಬಂತು. ಆದರೆ ಗಾಳಿ ಮಳೆಗೆ ಶೀಟಿನ ಕೆಳಗೂ ಇರಚಲು ಹೊಡೆಯುತ್ತದೆ, ಒಲೆ ಇಡುವುದೂ ಅಲ್ಲೇ. ಹಾಗಾಗಿ ಇಡೀ ಜಾಗಕ್ಕೆ ಒಂದೇ ಟೈಲ್.

ಹಾಗಾದರೆ ಆರ್13 ತಂದುಬಿಡೋದು ಅಲ್ವಾ ಅಂತ ಕೇಳಬಹುದು. ನಮ್ಮ ತಮ್ಮ ಕೇಳಿದ್ದ. ಉತ್ತರ ಸ್ಯಾಂಪಲ್ ಮನೆಗೆ ತಂದಾಗ ಸಿಕ್ಕಿತು.

ಸ್ಯಾಂಪಲ್ ಅಂದರೆ ಅಂಗೈಯಗಲದ ತುಂಡಲ್ಲ, ಪೂರ್ತಿ ಟೈಲ್. ಅಡ್ವಾನ್ಸ್ ಇಟ್ಟುಕೊಂಡು ಕೊಡುವವರಿದ್ದಾರೆ, ಕೇಳಿ. ಕೊಡದಿದ್ದರೆ ಒಂದೊಂದನ್ನು ದುಡ್ಡು ಕೊಟ್ಟೇ ತನ್ನಿ. ಆರ್10, ಆರ್11, ಆರ್12 ಮೂರನ್ನೂ ಹಿತ್ತಲಲ್ಲಿ ಸಾಲಾಗಿ ಇಟ್ಟು ಬಕೆಟ್ಟಿನಿಂದ ನೀರು ಸುರಿದೆವು. ಅಮ್ಮ ಬರಿಗಾಲಲ್ಲಿ ಒಂದೊಂದರ ಮೇಲೂ ನಿಂತು, ಹಿಮ್ಮಡಿ ತಿರುಗಿಸಿ ನೋಡಿದರು. ಆರ್10 ಮೇಲೆ ಹಿಮ್ಮಡಿ ಸಲೀಸಾಗಿ ತಿರುಗಿತು. "ಇದು ಬೇಡ ಕಣೇ" ಅಂದರು. ಆರ್11 ಮೇಲೆ ಕಾಲು ಕಚ್ಚಿಕೊಂಡಿತು. ಆರ್12 ಮೇಲೆ ಇನ್ನೂ ಗಟ್ಟಿ, ಆದರೆ ಅಂಗಾಲಿಗೆ ಮರಳು ಕಾಗದ ತಿಕ್ಕಿದ ಹಾಗಾಯಿತು ಅಂದರು. ಆಮೇಲೆ ಅಡುಗೆ ಎಣ್ಣೆ, ಅರಿಸಿನ ನೀರು, ಕೆಸರು ಮೂರನ್ನೂ ಬಳಿದು ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಸೋಪಿನ ನೀರು, ಬ್ರಷ್ ಹಿಡಿದು ತೊಳೆದರೆ ಆರ್10 ಲಕಲಕ. ಆರ್11 ಸ್ವಲ್ಪ ತಿಕ್ಕಿಸಿಕೊಂಡಿತು. ಆರ್12ರ ಸಣ್ಣ ಸಣ್ಣ ಹಳ್ಳಗಳಲ್ಲಿ ಹಳದಿ ಹಾಗೇ ಉಳಿಯಿತು. ಒರೆಸುವ ಬಟ್ಟೆಯ ನೂಲು ಅದಕ್ಕೆ ಸಿಕ್ಕಿ ಕಿತ್ತು ಬಂತು. ಗ್ರಿಪ್ ಹೆಚ್ಚಾದಷ್ಟೂ ತೊಳೆಯುವ ಕೆಲಸ ಹೆಚ್ಚು. ಯಾರು ತೊಳೆಯುತ್ತಾರೆ ಅನ್ನುವುದನ್ನೂ ಯೋಚಿಸಿ ಆರಿಸಿ.

ಬಣ್ಣವನ್ನೂ ಹಾಗೆಯೇ ನೋಡಿದೆವು. ಕಪ್ಪು, ತಿಳಿ ಕೆನೆ, ನಡುವಿನ ಬೂದು, ಈ ಮೂರು ಟೈಲ್ಸನ್ನು ಮಧ್ಯಾಹ್ನದ ಬಿಸಿಲಿಗೆ ಬಿಟ್ಟು ಕಾಲಿಟ್ಟೆವು. ಕಪ್ಪಿನ ಮೇಲೆ ಕಾಲು ಊರಲಾಗಲಿಲ್ಲ. ಕೆನೆ ಬಣ್ಣ ತಣ್ಣಗಿತ್ತು, ಆದರೆ ಕಣ್ಣಿಗೆ ಹೊಡೆಯುತ್ತಿತ್ತು, ಒಂದು ಕೆಸರು ಹೆಜ್ಜೆ ಬಿದ್ದರೂ ಎದ್ದು ಕಾಣುತ್ತಿತ್ತು. ನನ್ನ ಗಂಡನಿಗೆ ಕಪ್ಪೇ ಬೇಕಿತ್ತು. ಆ ಬಿಸಿಲಲ್ಲಿ ಒಂದು ನಿಮಿಷ ನಿಲ್ಲಿ ಅಂದೆ, ವಾದ ಅಲ್ಲಿಗೆ ಮುಗಿಯಿತು. ಬೂದಿಗೆ ಸ್ವಲ್ಪ ಕಂದು ಬೆರೆತ, ಅಲ್ಲಲ್ಲಿ ಚುಕ್ಕೆ ಇರುವ ಬಣ್ಣ ನಿಕ್ಕಿಯಾಯಿತು. ಒಣಗಿದಾಗ ಒಂದು ಬಣ್ಣ, ಒದ್ದೆಯಾದಾಗ ಇನ್ನೊಂದು, ಹಾಗಾಗಿ ಎರಡೂ ಸ್ಥಿತಿಯಲ್ಲಿ ನೋಡಿ. ಡಬ್ಬದ ಮೇಲೆ ವಿ1ರಿಂದ ವಿ4 ಅಂತ ಗುರುತಿದ್ದರೆ ಅದು ಒಂದು ಟೈಲಿಗೂ ಇನ್ನೊಂದಕ್ಕೂ ಬಣ್ಣ ಎಷ್ಟು ವ್ಯತ್ಯಾಸ ಇರುತ್ತದೆ ಅನ್ನುವುದರ ಗುರುತು. ವಿ1 ಎಲ್ಲ ಒಂದೇ ಥರ, ವಿ4 ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ. ವಿ3, ವಿ4 ತೆಗೆದುಕೊಳ್ಳುವುದಾದರೆ ಒಂದೇ ಸ್ಯಾಂಪಲ್ ನೋಡಿ ಒಪ್ಪಬೇಡಿ, ಒಂದು ಡಬ್ಬ ಪೂರ್ತಿ ನೆಲದ ಮೇಲೆ ಹರಡಿಸಿ ನೋಡಿ.

ಕಲ್ಲಿನ ಬಗ್ಗೆಯೂ ಒಂದು ಮಾತು, ಯಾಕಂದ್ರೆ ಮನೆಯಲ್ಲಿ ಅದರ ಪರ ಇದ್ದವರು ಬಹಳ. ನಿಜ ಹೇಳಬೇಕೆಂದರೆ ನನಗೂ ಕಲ್ಲೇ ಇಷ್ಟ. ಆದರೆ ಮರಳುಗಲ್ಲು ಎಣ್ಣೆ ಹೀರುತ್ತದೆ. ಸುಣ್ಣದಕಲ್ಲು, ಅಮೃತಶಿಲೆಗಳಿಗೆ ಹುಳಿ ಬಿದ್ದರೆ ಮೇಲ್ಮೈ ಸುಟ್ಟ ಹಾಗೆ ಮಂಕಾಗುತ್ತದೆ, ಅದು ಕಲೆಯಲ್ಲ, ತೊಳೆದರೆ ಹೋಗುವುದಿಲ್ಲ. ಕೆಲವು ಜಾತಿಯ ಪದರಗಲ್ಲು ವರ್ಷಗಳು ಕಳೆದಂತೆ ಹಾಳೆ ಹಾಳೆಯಾಗಿ ಏಳುತ್ತದೆ. ಗ್ರಾನೈಟ್ ಗಟ್ಟಿ, ಪಾಲಿಶ್ ಮಾಡದೆ ಬೆಂಕಿ ಹಾಯಿಸಿ ಒರಟು ಮಾಡಿದ್ದು ಸಿಕ್ಕರೆ ಹೊರಗೆ ಬಹಳ ಒಳ್ಳೆಯದು. ಹೆಚ್ಚಿನ ಕಲ್ಲುಗಳಿಗೆ ನೀರು, ಕಲೆ ಇಳಿಯದಂತೆ ತಡೆಯುವ ಸೀಲರ್ ಹಚ್ಚಬೇಕು, ಕೆಲವು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಒಲೆ ಇಡುವ ಜಾಗ ಆದ್ದರಿಂದ ನಾವು ಬಿಟ್ಟೆವು. ಅಡುಗೆ ಇಲ್ಲದ, ಬರೀ ಕೂರುವ ಜಾಗ ಆಗಿದ್ದರೆ ಗ್ರಾನೈಟಿಗೇ ಹೋಗುತ್ತಿದ್ದೆವೇನೋ.

ಈಗ ಬರುತ್ತದೆ ನಾವು ಎಣಿಸದೇ ಇದ್ದ ತೊಡಕು. ಟೈಲ್ ಆರಿಸಿಯಾಯಿತು ಅಂದುಕೊಂಡಿದ್ದೆವು: 20 ಮಿ.ಮೀ. ದಪ್ಪದ, ಹೊರಗೆ ಹಾಕಲೆಂದೇ ಮಾಡಿದ ಪೋರ್ಸಲಿನ್. ಬಲು ಗಟ್ಟಿ, ಜಲ್ಲಿ ಮೇಲೆ ಸುಮ್ನೆ ಹಾಸಿದರೂ ನಡೆಯುತ್ತದೆ. ಆರ್ಡರ್ ಕೊಡುವ ಮೊದಲು ಮೇಸ್ತ್ರಿಯನ್ನು ಕರೆಸಿ ತೋರಿಸಿದೆವು. ಅವರು ಟೈಲನ್ನು ಸರಿಯಾಗಿ ನೋಡಲೂ ಇಲ್ಲ, ಸೀದಾ ಬಾಗಿಲ ಹತ್ತಿರ ಹೋಗಿ ಹೊಸ್ತಿಲಿಗೆ ಟೇಪ್ ಹಿಡಿದರು. "ಮೇಡಂ, ವಾಟ ಎಲ್ಲಿಂದ ತರ್ತೀರಿ?" ಅಂದರು.

ಲೆಕ್ಕ ಹೀಗಿತ್ತು. ಹೊರಗಿನ ನೆಲಕ್ಕೆ ನೀರು ಹರಿಯಲು ಸಾಮಾನ್ಯವಾಗಿ 80ಕ್ಕೆ 1ರಷ್ಟು ವಾಟ ಬೇಕು. ನಾಲ್ಕು ಮೀಟರಿಗೆ ಅದು 50 ಮಿ.ಮೀ. ಆಗುತ್ತದೆ. ನಮ್ಮ ಹಳೆಯ ಕಾಂಕ್ರೀಟ್ ಹೆಚ್ಚುಕಡಿಮೆ ಮಟ್ಟವಾಗಿತ್ತು. ಅಂದರೆ ಆ 50 ಪೂರ್ತಿ ಬಾಗಿಲ ಕಡೆಯಲ್ಲೇ ಏರಿಸಬೇಕು. ಅದರ ಜೊತೆ ಅಂಚಿನಲ್ಲೂ ಇರಬೇಕಾದ ಕನಿಷ್ಠ ಗಾರೆ 25, ವಾಟರ್‌ಪ್ರೂಫಿಂಗ್ ಪದರ 2, ಅಂಟು 5, ಕೊನೆಗೆ ಟೈಲ್. ಹೊಸ್ತಿಲು ಹಳೆಯ ನೆಲದಿಂದ 120 ಮಿ.ಮೀ. ಮೇಲಿತ್ತು. ಟೈಲ್ 20 ಮಿ.ಮೀ. ಆದರೆ ಹೊಸ್ತಿಲಿಗೆ ಉಳಿಯುವುದು 18. ಟೈಲ್ 10 ಆದರೆ 28 ಉಳಿಯುತ್ತದೆ. ಜೋರು ಮಳೆ, ಎದುರು ಗಾಳಿ ಎರಡೂ ಸೇರಿದ ದಿನ ಆ 10 ಮಿ.ಮೀ.ಗೂ ಬೆಲೆ ಇದೆ. ಕಾಲುಗಳ ಮೇಲೆ ಎತ್ತಿ ನಿಲ್ಲಿಸುವ ಪೆಡೆಸ್ಟಲ್ ವಿಧಾನ ಕೇಳಿದೆವು, ಅದಕ್ಕೆ ಇನ್ನೂ ಎತ್ತರ ಬೇಕು. ಹಳೆಯ ಕಾಂಕ್ರೀಟ್ ಒಡೆಯುವ ಖರ್ಚು ನೋಡಿ ಕೈಮುಗಿದೆವು. ಹೀಗೆ ವಾರಗಟ್ಟಲೆ ನೋಡಿ ಮೆಚ್ಚಿದ ದಪ್ಪ ಟೈಲ್ ಕೈಬಿಟ್ಟು, ಅದೇ ಬಣ್ಣದ, ಅದೇ ಆರ್11ರ 10 ಮಿ.ಮೀ. ಟೈಲಿಗೆ ಬಂದೆವು. ಬೇಜಾರಾಯಿತು. ಅದಕ್ಕೇ ಹೇಳುವುದು, ಅಂಗಡಿಗೆ ಹೋಗುವ ಮೊದಲೇ ಹೊಸ್ತಿಲಿಗೆ ಟೇಪ್ ಹಿಡಿಯಿರಿ.

ಅಳತೆಯೂ ವಾಟದಿಂದಲೇ ನಿಕ್ಕಿಯಾಯಿತು. ನೆಲದ ನಡುವೆ ನೀರು ಇಳಿಯುವ ಒಂದು ಜಾಲಿ ಇಟ್ಟು ನಾಲ್ಕೂ ಕಡೆಯಿಂದ ನೀರು ಅಲ್ಲಿಗೆ ಬರುವ ಹಾಗೆ ಮಾಡಿದರೆ ನೆಲ ನಾಲ್ಕು ಮುಖವಾಗಿ ಮಡಚುತ್ತದೆ. ದೊಡ್ಡ ಟೈಲ್ ಮಡಚುವುದಿಲ್ಲ, ಹಾಗಾಗಿ ಮೂಲೆಯಿಂದ ಮೂಲೆಗೆ ಕೊಯ್ಯಬೇಕು. ಅದರ ಬದಲು ಹೊರಗಿನ ಅಂಚಿನುದ್ದಕ್ಕೂ ಉದ್ದನೆಯ ಚಾನಲ್ ಜಾಲಿ ಇಟ್ಟರೆ ಇಡೀ ನೆಲ ಒಂದೇ ಕಡೆಗೆ ವಾಲುತ್ತದೆ, 600ಕ್ಕೆ 600 ಮಿ.ಮೀ. ಟೈಲ್ ಕೊಯ್ಯದೆ ಕೂರುತ್ತದೆ. ಚಾನಲ್ ಜಾಲಿಗೆ ದುಡ್ಡು ಜಾಸ್ತಿ, ಆದರೆ ಕೊಯ್ಯುವ ಕೂಲಿ, ಹಾಳಾಗುವ ಟೈಲ್ ಲೆಕ್ಕ ಹಾಕಿದರೆ ಬಹುಪಾಲು ಸರಿಹೋಯಿತು. ಮರದ ಹಲಗೆಯ ಥರದ ಉದ್ದನೆಯ ಟೈಲ್ಸ್ ಮೇಲೂ ಕಣ್ಣಿತ್ತು. ಅವು ನಡುವೆ ಕೂದಲೆಳೆಯಷ್ಟು ಬಾಗಿರುತ್ತವೆ. ಇಟ್ಟಿಗೆ ಸಾಲಿನ ಹಾಗೆ ಅರ್ಧಕ್ಕರ್ಧ ಜರುಗಿಸಿ ಹಾಕಿದರೆ ಒಂದರ ಉಬ್ಬು ಪಕ್ಕದ್ದರ ತುದಿಗೆ ಬಂದು ಅಂಚು ಎಡವುತ್ತದೆ. ಮೂರನೇ ಒಂದರಷ್ಟು ಮಾತ್ರ ಜರುಗಿಸಬೇಕು. ನಾವು ಗೋಜಿಗೇ ಹೋಗಲಿಲ್ಲ.

ಆರ್ಡರ್ ಕೊಟ್ಟೆವು. ಲೆಕ್ಕಕ್ಕಿಂತ ಶೇಕಡಾ 10 ಜಾಸ್ತಿ ತೆಗೆದುಕೊಂಡೆವು, ಓರೆಯಾಗಿ ಹಾಕಿಸುವುದಾದರೆ 15 ಅಂತಾರೆ. ಬಿಲ್ಲಿನಲ್ಲಿ ಮಾಡೆಲ್ ಹೆಸರು, ಅಳತೆ, ಆರ್ ಸಂಖ್ಯೆ, ಶೇಡ್ ನಂಬರ್ (ಒಂದೊಂದು ಸಲ ತಯಾರಾದ ಮಾಲಿನ ಬಣ್ಣದ ಗುರುತು) ಎಲ್ಲ ಬರೆಸಿಕೊಂಡೆವು. "ಅಷ್ಟೆಲ್ಲ ಯಾಕೆ ಮೇಡಂ" ಅಂದರು, ಪಟ್ಟು ಹಿಡಿದು ಬರೆಸಿದೆ. ಅದು ಉಪಯೋಗಕ್ಕೆ ಬಂತು. ಲಾರಿಯಿಂದ ಡಬ್ಬ ಇಳಿಸುವಾಗ ನಾನು ಒಂದೊಂದರ ಚೀಟಿ ಓದುತ್ತಾ ನಿಂತಿದ್ದೆ. ಅರ್ಧ ಡಬ್ಬಗಳ ಮೇಲೆ ಒಂದು ಶೇಡ್ ನಂಬರ್, ಉಳಿದವುಗಳ ಮೇಲೆ ಇನ್ನೊಂದು. ಎರಡರಿಂದ ಒಂದೊಂದು ಟೈಲ್ ತೆಗೆದು ಪಕ್ಕಪಕ್ಕ ಇಟ್ಟರೆ, ಒಂದು ಕಂದಿಗೆ ತಿರುಗಿತ್ತು, ಇನ್ನೊಂದು ನೀಲಿಗೆ. ಡ್ರೈವರ್ "ಹಾಕಿದ ಮೇಲೆ ಗೊತ್ತಾಗಲ್ಲ" ಅಂದರು. ಅಂಗಡಿಗೆ ಫೋನ್ ಮಾಡಿದರೆ ಅದೇ ಮಾತು. ಬಿಲ್ಲಿನ ಫೋಟೋ, ಚೀಟಿಗಳ ಫೋಟೋ ಎರಡೂ ಕಳಿಸಿದ ಮೇಲೆ ಸ್ವರ ಬದಲಾಯಿತು. ವಾಪಸ್ ತೆಗೆದುಕೊಂಡರು. ಆದರೆ ಒಂದೇ ಶೇಡಿನ ಪೂರ್ತಿ ಮಾಲು ಅವರಲ್ಲಿ ಇರಲಿಲ್ಲ, ಮುಂದಿನ ಲೋಡ್ ಬರುವವರೆಗೆ ಕಾಯಿರಿ ಅಂದರು. ಮುಂದಿನ ಲೋಡ್ ಯಾವಾಗ? ಇವತ್ತು, ನಾಳೆ, ಸೋಮವಾರ. ಎಷ್ಟು ಸೋಮವಾರ ಹೋದವೋ! ಶೇಡಿನ ಜೊತೆ ಕ್ಯಾಲಿಬರ್ ಅಂತ ಇನ್ನೊಂದು ಗುರುತು ಇರುತ್ತದೆ, ಅದು ಟೈಲಿನ ನಿಜವಾದ ಅಳತೆ. ಅದೂ ಎಲ್ಲ ಡಬ್ಬದಲ್ಲಿ ಒಂದೇ ಇರಬೇಕು, ಇಲ್ಲದಿದ್ದರೆ ಸಂದು ಸಾಲು ತಪ್ಪುತ್ತದೆ.

ಕಾಯುವ ಸಮಯ ಅಷ್ಟೇನೂ ದಂಡವಾಗಲಿಲ್ಲ ಅನ್ನಿ, ಯಾಕಂದ್ರೆ ಕೆಳಗಿನ ಕೆಲಸ ಹೇಗೂ ಕಾಯಲೇಬೇಕಿತ್ತು. ಹೊಸ ಕಾಂಕ್ರೀಟಿಗೆ 28 ದಿನ ಅಂತ ಲೆಕ್ಕ ಇದೆ. ನಮ್ಮದು ಹಳೆಯ ನೆಲದ ಮೇಲಿನ ಗಾರೆ, ಆದರೂ ದಪ್ಪ ಇರುವ ಬಾಗಿಲ ಕಡೆ ಅದು ಚೆನ್ನಾಗಿ ಒಣಗುವವರೆಗೆ ಮೇಸ್ತ್ರಿ ಮುಟ್ಟಲು ಬಿಡಲಿಲ್ಲ. ಆಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಅದು ಒಣಗಿದ ಮೇಲೆ ಜಾಲಿ ಮುಚ್ಚಿ, ಅಂಚಿಗೆ ಕಟ್ಟೆ ಕಟ್ಟಿ, ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿದೆವು. ನಿಂತ ಮಟ್ಟಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಬಿಸಿಲಿಗೆ ಒಂದಿಷ್ಟು ಆರುತ್ತದೆ, ಅದಕ್ಕೆ ಗಾಬರಿ ಬೇಡ, ಗೋಡೆಯ ಬುಡದಲ್ಲಿ ಪಸೆ ಕಾಣುತ್ತದಾ ನೋಡಿ. ಈ ಹಂತದಲ್ಲಿ ಮನೆಯವರೆಲ್ಲರ ತಾಳ್ಮೆ ಕೆಟ್ಟಿರುತ್ತದೆ, "ಇದೊಂದು ಬಿಟ್ಟರೆ ಏನಾಯ್ತು" ಅಂತ ಅನ್ನಿಸಿಯೇ ಅನ್ನಿಸುತ್ತದೆ. ಬಿಡಬೇಡಿ. ಟೈಲ್ ಬಿದ್ದ ಮೇಲೆ ಸೋರಿದರೆ ಎಲ್ಲ ಕಿತ್ತೇ ನೋಡಬೇಕು.

ಮೇಸ್ತ್ರಿಯ ಜೊತೆ ಸಣ್ಣ ಜಟಾಪಟಿ ನಡೆದದ್ದು ಅಂಟಿನ ವಿಷಯಕ್ಕೆ. ವಾಟದಲ್ಲಿ ಅಷ್ಟು ಜಾಣರಾದ ಅವರು ಟೈಲಿಗೆ ಮಾತ್ರ ಸಿಮೆಂಟ್ ಹಾಲು, ಮರಳು ಸಾಕು ಅನ್ನುತ್ತಿದ್ದರು. ಹಳೆಯ ಟೈಲ್ಸಿಗೆ ಅದು ಸರಿ, ಅವು ನೀರು ಹೀರುತ್ತಿದ್ದವು, ಸಿಮೆಂಟ್ ಒಳಗಿಳಿದು ಹಿಡಿಯುತ್ತಿತ್ತು. ಪೋರ್ಸಲಿನ್ ಹೀರುವುದೇ ಇಲ್ಲ, ಸಿಮೆಂಟಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಂಟಿನ ಚೀಲದ ಮೇಲೆ ಸಿ2ಟಿಇ ಎಸ್1 ಅಂತ ಇರುವುದನ್ನು ತರಿಸಿದೆವು. ಸಿ ಅಂದರೆ ಸಿಮೆಂಟಿನದು, 2 ಅಂದರೆ ಹೆಚ್ಚು ಹಿಡಿತದ್ದು. ಟಿ ಇದ್ದರೆ ಟೈಲ್ ಜರುಗುವುದಿಲ್ಲ, ಇ ಇದ್ದರೆ ಬೇಗ ಒಣಗದೆ ಕೆಲಸಕ್ಕೆ ಸಮಯ ಕೊಡುತ್ತದೆ. ಎಸ್1 ಅಂದರೆ ಬಿಸಿಲು ಚಳಿಗೆ ನೆಲ ಹಿಗ್ಗಿ ಕುಗ್ಗಿದಾಗ ಅಂಟೂ ಸ್ವಲ್ಪ ಬಾಗುತ್ತದೆ. ಬಯಲಿನ ನೆಲಕ್ಕೆ ಆ ಎಸ್ ಬಹಳ ಮುಖ್ಯ.

ಮೊದಲ ಸಾಲು ಕೂರಿಸಿದ ಕೂಡಲೇ ಒಂದು ಟೈಲನ್ನು ಎತ್ತಿ ತೋರಿಸಿ ಅಂತ ಕೇಳಿಕೊಂಡೆ. ಗೊಣಗುತ್ತಲೇ ಎತ್ತಿದರು. ಹಿಂಭಾಗ ನೋಡಿದರೆ, ಹಲ್ಲಿನ ಕರಣೆ ಎಳೆದ ಗೆರೆಗಳು ಹಾಗೇ ನಿಂತಿದ್ದವು. ಗೆರೆಯ ನೆತ್ತಿ ಮಾತ್ರ ಟೈಲಿಗೆ ತಾಗಿತ್ತು, ನಡುವೆಲ್ಲ ಖಾಲಿ, ಒಂದು ಮೂಲೆಗೆ ಅಂಟೇ ಇಲ್ಲ. ಹೊರಗಿನ ನೆಲಕ್ಕೆ ಶೇಕಡಾ 95ರಷ್ಟು ಜಾಗಕ್ಕೆ ಅಂಟು ತಾಗಿರಬೇಕು. ಆ ಖಾಲಿ ಜಾಗದಲ್ಲೇ ನೀರು ಸೇರುವುದು, ಆಮೇಲೆ ಸಂದಿನಿಂದ ಬಿಳಿ ಉಪ್ಪು ಉಕ್ಕುವುದು, ಕುರ್ಚಿ ಕಾಲು ಬಿದ್ದರೆ ಮೂಲೆ ಒಡೆಯುವುದು. ಮೇಸ್ತ್ರಿಗೂ ಅದು ಕಣ್ಣಾರೆ ಕಂಡಿತು. ಅಲ್ಲಿಂದ ಮುಂದೆ ಟೈಲಿನ ಹಿಂದಕ್ಕೂ ತೆಳುವಾಗಿ ಅಂಟು ಸವರಿ, ನೆಲದ ಗೆರೆಗಳನ್ನೆಲ್ಲ ಒಂದೇ ದಿಕ್ಕಿಗೆ ಎಳೆದು, ಟೈಲನ್ನು ಗೆರೆಗೆ ಅಡ್ಡಲಾಗಿ ಹಿಂದೆ ಮುಂದೆ ಅಲುಗಿಸಿ ಕೂರಿಸಿದರು. ಮತ್ತೆ ಒಂದು ಎತ್ತಿದಾಗ ಹಿಂಭಾಗ ಪೂರ್ತಿ ಬೂದು. ಒಣಗಿದ ಟೈಲನ್ನು ತಟ್ಟಿ ಟೊಳ್ಳು ಸದ್ದು ಕೇಳುವ ಪರೀಕ್ಷೆ ಎಲ್ಲ ಆಮೇಲಿನದು, ಹಸಿಯಿರುವಾಗ ಒಂದು ಎತ್ತಿ ನೋಡುವುದೇ ಸರಿ.

ಸಂದು 5 ಮಿ.ಮೀ. ಬಿಟ್ಟೆವು. ಕೂದಲು ತೂರದಷ್ಟು ಕೂಡಿಸಿ ಹಾಕಿದರೆ ಚೆಂದ ಅಂತ ಎಲ್ಲರೂ ಹೇಳಿದರು, ಆದರೆ ಬಿಸಿಲಿಗೆ ಹಿಗ್ಗುವ ನೆಲಕ್ಕೆ ಜಾಗ ಬೇಡವೇ? ಅಷ್ಟೇ ಅಲ್ಲ, ಎರಡೂ ದಿಕ್ಕಿಗೆ 8ರಿಂದ 12 ಅಡಿಗೊಂದು, ಮತ್ತೆ ಗೋಡೆ ಸೇರುವಲ್ಲೆಲ್ಲ, ಗ್ರೌಟ್ ತುಂಬದೆ ಅದೇ ಬಣ್ಣದ ಸಿಲಿಕೋನ್ ತುಂಬಿಸಿದೆವು. ದೂರದಿಂದ ಗೊತ್ತೇ ಆಗುವುದಿಲ್ಲ. ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಕಲೆ ಹಿಡಿಯುವುದಿಲ್ಲ ಅಂತ ಆಸೆಯಾಗಿತ್ತು. ಆದರೆ ಬಿಸಿಲಿಗೆ ಹಲವು ಎಪಾಕ್ಸಿಗಳು ಹಳದಿಗೆ ತಿರುಗುತ್ತವೆ, ಒರಟು ಟೈಲಿನ ಮೇಲೆ ಮೆತ್ತಿಕೊಂಡರೆ ಬಿಡಿಸುವುದು ದೊಡ್ಡ ಗೋಳು. ಪಾಲಿಮರ್ ಬೆರೆತ ಸಿಮೆಂಟ್ ಗ್ರೌಟನ್ನೇ, ಟೈಲಿಗಿಂತ ಒಂದು ಛಾಯೆ ಗಾಢವಾಗಿ ಆರಿಸಿದೆವು. ತಿಳಿ ಗ್ರೌಟ್ ಹೊರಗೆ ತಿಂಗಳೂ ತಡೆಯುವುದಿಲ್ಲ.

ಕೊನೆಯ ದಿನ ಹುಡುಗರು ಆಸಿಡ್ ಬಾಟಲಿ ಹಿಡಿದು ನೆಲ ತೊಳೆಯಲು ಬಂದರು. ಓಡಿಹೋಗಿ ನಿಲ್ಲಿಸಿದೆ. ಕಡುವಾದ ಆಸಿಡ್ ಸಿಮೆಂಟ್ ಗ್ರೌಟನ್ನೇ ತಿನ್ನುತ್ತದೆ, ಹೊಸ ಗ್ರೌಟ್ ಆದರೆ ಕೇಳುವುದೇ ಬೇಡ. ಸ್ಟೀಲ್ ಜಾಲಿಯೂ ಕಪ್ಪಾಗುತ್ತದೆ. ಗ್ರೌಟ್ ಹಸಿಯಿರುವಾಗಲೇ ಸ್ಪಂಜಿನಲ್ಲಿ ಮತ್ತೆ ಮತ್ತೆ ಒರೆಸಿಸಿದ್ದರಿಂದ ಉಳಿದದ್ದು ತೆಳು ಪೊರೆ ಅಷ್ಟೇ. ಕೆಲವು ದಿನ ಬಿಟ್ಟು ಸಿಮೆಂಟ್ ಪೊರೆ ತೆಗೆಯಲೆಂದೇ ಬರುವ ಕ್ಲೀನರಿನಲ್ಲಿ, ಚೀಟಿಯಲ್ಲಿ ಹೇಳಿದಷ್ಟೇ ನೀರು ಬೆರೆಸಿ, ಮೊದಲು ಗ್ರೌಟನ್ನು ನೀರಿನಿಂದ ನೆನೆಸಿಕೊಂಡು ತೊಳೆದೆವು.

ಖರ್ಚಿನ ವಿಷಯ. ಒಂದೊಂದು ಊರಿನಲ್ಲಿ ಒಂದೊಂದು ರೇಟು, ಹಾಗಾಗಿ ಅಂಕಿ ಬೇಡ, ಪಾಲು ಹೇಳುತ್ತೇನೆ. ನಾವು ಬಜೆಟ್ ಮಾಡುವಾಗ ಎಲ್ಲರ ಗಮನ ಟೈಲಿನ ಚದರಡಿ ರೇಟಿನ ಮೇಲೆ. ಕೊನೆಗೆ ಕೂಡಿಸಿ ನೋಡಿದರೆ ಟೈಲಿಗೆ ಹೋದದ್ದು ಒಟ್ಟು ಖರ್ಚಿನ ಅರ್ಧಕ್ಕೂ ಕಡಿಮೆ. ಗಾರೆ, ವಾಟರ್‌ಪ್ರೂಫಿಂಗ್, ಅಂಟು, ಕೂಲಿ, ಚಾನಲ್ ಜಾಲಿ ಇವು ದೊಡ್ಡವು. ಇನ್ನು ಸಣ್ಣಪುಟ್ಟವು: ಮೆಟ್ಟಿಲಂಚಿನ ಪಟ್ಟಿ, ಗೋಡೆಯ ಬುಡದ ಸ್ಕರ್ಟಿಂಗ್, ಪೋರ್ಸಲಿನ್ ಕೊಯ್ಯುವ ಬ್ಲೇಡು, ಸಿಲಿಕೋನ್, ಇಳಿಸುವ ಕೂಲಿ. ಬ್ಲೇಡ್ ಯಾರ ಲೆಕ್ಕಕ್ಕೆ ಅಂತ ಮೊದಲೇ ಮಾತಾಡಿಕೊಳ್ಳಿ, ಪೋರ್ಸಲಿನ್ ಬ್ಲೇಡ್ ತಿನ್ನುತ್ತದೆ, ಮಧ್ಯದಲ್ಲಿ ಆ ಮಾತು ಬಂದರೆ ಕೆಲಸ ನಿಲ್ಲುತ್ತದೆ. ದುಡ್ಡು ಉಳಿಸಲೇಬೇಕಾದರೆ ಟೈಲಿನಲ್ಲಿ ಉಳಿಸಿ, ಆರ್11 ಇರುವ ಕಡಿಮೆ ಬೆಲೆಯ ಟೈಲ್ಸ್ ಬೇಕಾದಷ್ಟಿವೆ. ಅಂಟಿನಲ್ಲಿ, ವಾಟರ್‌ಪ್ರೂಫಿಂಗಿನಲ್ಲಿ ಉಳಿಸಬೇಡಿ.

ಒಂದು ಜೋರು ಮಳೆ ಈಗಾಗಲೇ ಬಂದು ಹೋಯಿತು. ನೀರು ಜಾಲಿಗೆ ಸರಿಯಾಗಿ ಇಳಿಯಿತು, ಹೊಸ್ತಿಲ ಕಡೆ ಬರಲಿಲ್ಲ. ಬಲಗಡೆ ಒಂದು ಟೈಲಿನ ಮೇಲೆ ಮಾತ್ರ ಅಂಗೈಯಷ್ಟು ಜಾಗದಲ್ಲಿ ತೆಳುವಾಗಿ ನಿಲ್ಲುತ್ತದೆ. ಒರಟು ಮೈಯ ಟೈಲಿನಲ್ಲಿ ಇಷ್ಟು ಇದ್ದದ್ದೇ ಅಂತ ಮೇಸ್ತ್ರಿ ಹೇಳುತ್ತಾರೆ, ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಅದಕ್ಕಾಗಿ ಕೀಳಿಸುವಷ್ಟು ದೊಡ್ಡದೂ ಅಲ್ಲ. ಕೊನೆಯ ಕಂತಿನಲ್ಲಿ ಸ್ವಲ್ಪ ಹಿಡಿದಿಟ್ಟುಕೊಂಡಿದ್ದೇನೆ, ಇನ್ನೊಂದೆರಡು ಮಳೆ ನೋಡಿ ಕೊಡುತ್ತೇನೆ ಅಂತ ಅವರಿಗೂ ಹೇಳಿದ್ದೇನೆ.

ಉಳಿದ ಡಬ್ಬಗಳಲ್ಲಿ ತೆರೆಯದೇ ಇದ್ದದ್ದನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತೇವೆ ಅಂದರು. ನಾವು ಕೊಡಲಿಲ್ಲ. ಮುಂದೆ ಒಂದು ಟೈಲ್ ಒಡೆದರೆ ಆ ಶೇಡ್ ಮತ್ತೆ ಸಿಗುವ ಭರವಸೆ ಯಾರಿಗಿದೆ? ಡಬ್ಬದ ಮೇಲೆ ಮಾಡೆಲ್, ಶೇಡ್, ಗ್ರೌಟಿನ ಬಣ್ಣದ ನಂಬರ್, ಸಿಲಿಕೋನಿನ ನಂಬರ್ ಎಲ್ಲ ಮಾರ್ಕರಿನಲ್ಲಿ ಬರೆದು ಅಟ್ಟದ ಮೇಲೆ ಇಟ್ಟಿದ್ದೇವೆ. ಬಿಲ್ಲು, ಡೇಟಾಶೀಟ್ ಎರಡರ ಫೋಟೋ ಫೋನಿನಲ್ಲೂ ಇದೆ. ಸಿಲಿಕೋನ್ ಸಂದುಗಳನ್ನು ಮಾತ್ರ ವರ್ಷಕ್ಕೊಮ್ಮೆ ನೋಡಿ, ಎಲ್ಲಾದರೂ ಬಿಟ್ಟುಕೊಂಡಿದ್ದರೆ ಅಲ್ಲಿಯದನ್ನು ಕೆರೆದು ಹೊಸದು ತುಂಬಿಸಬೇಕು, ಅದಕ್ಕೆ ಮೇಸ್ತ್ರಿ ಬೇಕಿಲ್ಲ, ನಾವೇ ಮಾಡಿಕೊಳ್ಳಬಹುದು.